ಹೋದ ಎಣ್ಣೆ ಹಿಂದಿರುಗಬೇಕು: ಶೀತಲ ಯಂತ್ರದ ಇಂಗ್ಲಿಷ್ ಪದಗಳ ಪಾಠ



ಹೊಸಕೋಟೆ ಕಡೆಯ ಹಳ್ಳಿಯಲ್ಲಿ ಕರೆದ ಹಾಲು ಪೊಟ್ಟಣವಾಗಿ ಇಂದಿರಾನಗರದ ನಂದಿನಿ ಮಳಿಗೆ ಸೇರುವವರೆಗೆ ಕೆಡದೆ ಉಳಿಯಬೇಕಾದರೆ, ಅದನ್ನು ಮೊದಲು ತಂಪು ಮಾಡುವುದು ಸಂಘದ ಬಿ.ಎಂ.ಸಿ., ಅಂದರೆ ಬೃಹತ್ ಹಾಲು ಶೀತಲೀಕರಣ ಘಟಕ. ಅದೇ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಡೆದು ಹೋಗುವಾಗ ತಲೆ ಎತ್ತಿ ನೋಡಿದರೆ, ಅಂಗಡಿಗಳ ತಾರಸಿಯ ಮೇಲೆ, ಗೋಡೆಯ ಮೇಲೆ ಎ.ಸಿ. ಯಂತ್ರಗಳ ಪೆಟ್ಟಿಗೆಗಳು ಕಾಣುತ್ತವೆ. ಅಲ್ಲಿ ಗಾಳಿ ತಂಪಾಗುತ್ತದೆ, ನಮ್ಮಲ್ಲಿ ಹಾಲು ತಂಪಾಗುತ್ತದೆ. ಆದರೆ ಒಳಗಿನ ಯಂತ್ರದ ತತ್ವ ಒಂದೇ, ಅದನ್ನು ರಿಪೇರಿ ಮಾಡುವವರ ಮಾತೂ ಒಂದೇ.

ತೊಂದರೆ ಬರುವುದು ಈ ಮಾತಿನಲ್ಲಿಯೇ. ಮೆಕ್ಯಾನಿಕ್ ಬಂದು ಯಂತ್ರ ನೋಡಿ, 'ಆಯಿಲ್ ರಿಟರ್ನ್ ಇಲ್ಲ, ಲಾಗಿಂಗ್ ಆಗಿದೆ, ಟಾಪ್ ಅಪ್ ಮಾಡಿದ್ದೇನೆ' ಎಂದು ಚೀಟಿ ಬರೆಯುತ್ತಾರೆ. ಕಾರ್ಯದರ್ಶಿ ಸಹಿ ಮಾಡುತ್ತಾರೆ. ಕೆಲವು ತಿಂಗಳಲ್ಲಿ ಕಂಪ್ರೆಸರ್ ಸುಟ್ಟು ಹೋಗುತ್ತದೆ. ಹೊಸದು ಹಾಕಿಸಿದರೂ ಮತ್ತೆ ಅದೇ ಕಥೆ. ಆ ದುಡ್ಡು ಸದಸ್ಯರದು. ಕಂಪ್ರೆಸರ್ ನಿಂತ ರಾತ್ರಿ ಟ್ಯಾಂಕಿನಲ್ಲಿ ಒಡೆದ ಹಾಲೂ ಸದಸ್ಯರದೇ. ಆದ್ದರಿಂದ ಈ ಪದಗಳ ಅರ್ಥವನ್ನು ಕಾರ್ಯದರ್ಶಿ, ಹಾಲು ಪರೀಕ್ಷಕ ಹಾಗೂ ಆಡಳಿತ ಮಂಡಳಿಯ ಸದಸ್ಯರು ತಿಳಿದಿರುವುದು ಒಳ್ಳೆಯದು. ಯಂತ್ರ ಬಿಚ್ಚುವುದಕ್ಕಲ್ಲ, ಸರಿಯಾದ ಪ್ರಶ್ನೆ ಕೇಳುವುದಕ್ಕೆ.

1. ಯಂತ್ರ ತಂಪು ಮಾಡುವ ಬಗೆ

ಕರೆದ ಹಾಲು ಹಸುವಿನ ಮೈಬಿಸಿಯಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಬೇಗ ಬೇಗ ಹೆಚ್ಚುತ್ತವೆ. ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ.

ಈ ಬಿಸಿಯನ್ನು ಹೊರಹಾಕುವುದು 'ಗ್ಯಾಸ್'. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ 'ಡಿಸ್ಚಾರ್ಜ್ ಲೈನ್' ಮೂಲಕ ಕಂಡೆನ್ಸರಿಗೆ ಕಳಿಸುತ್ತದೆ. ಫ್ಯಾನು ಇರುವ, ಜಾಲರಿಯಂಥ ಭಾಗವೇ ಕಂಡೆನ್ಸರ್. ಅಲ್ಲಿ ಗ್ಯಾಸ್ ಬಿಸಿ ಬಿಟ್ಟು ದ್ರವವಾಗುತ್ತದೆ. ಆ ದ್ರವ 'ಲಿಕ್ವಿಡ್ ಲೈನ್' ಹಿಡಿದು ಬಂದು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ದಾರಿಯಲ್ಲಿ ನುಗ್ಗಿ, ಟ್ಯಾಂಕಿನ ತಳಕ್ಕೆ ಅಂಟಿದ 'ಎವಾಪರೇಟರ್' ಒಳಗೆ ಕುದಿದು ಮತ್ತೆ ಗ್ಯಾಸಾಗುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ಹಾಲಿನಿಂದ ಎಳೆದುಕೊಳ್ಳುವುದರಿಂದ ಹಾಲು ತಣ್ಣಗಾಗುತ್ತದೆ. ಅಲ್ಲಿಂದ 'ಸಕ್ಷನ್ ಲೈನ್' ಮೂಲಕ ಗ್ಯಾಸ್ ಕಂಪ್ರೆಸರಿಗೆ ವಾಪಸಾಗುತ್ತದೆ. ಮುಟ್ಟಿದರೆ ತಣ್ಣಗಿರುವ, ರಬ್ಬರ್ ಹೊದಿಕೆಯ ದಪ್ಪ ಪೈಪು ಇದೇ ಸಕ್ಷನ್ ಲೈನ್. ಇಂದಿನ ಪಾಠದಲ್ಲಿ ಇದರ ಹೆಸರು ಹೆಚ್ಚು ಸಾರಿ ಬರುತ್ತದೆ.

2. ಎಣ್ಣೆಯ ಮನೆ ಮತ್ತು ಎಣ್ಣೆಯ ಪ್ರಯಾಣ

ಕಂಪ್ರೆಸರಿನ ತಳದಲ್ಲಿ ಎಣ್ಣೆ ನಿಲ್ಲುವ ಜಾಗಕ್ಕೆ 'ಸಂಪ್' ಅಥವಾ 'ಕ್ರ್ಯಾಂಕ್‌ಕೇಸ್' ಎನ್ನುತ್ತಾರೆ. ಓಡುವ ಭಾಗಗಳು ಸವೆಯದಂತೆ, ಕಾಯದಂತೆ ನೋಡಿಕೊಳ್ಳುವುದು ಎಣ್ಣೆಯ ಕೆಲಸ. ಅದು ಅಲ್ಲಿಯೇ ಇದ್ದರೆ ಯಾವ ತಕರಾರೂ ಇಲ್ಲ. ಆದರೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಹೊರಕಳಿಸುವಾಗ ಸ್ವಲ್ಪ ಎಣ್ಣೆಯೂ ಹನಿ ಹನಿಯಾಗಿ ಜೊತೆಗೆ ಹೊರಟುಬಿಡುತ್ತದೆ. ಇದೇ 'ಆಯಿಲ್ ಕ್ಯಾರಿ ಓವರ್'. ಇದು ಯಂತ್ರದ ದೋಷವಲ್ಲ. ಎಲ್ಲ ಕಂಪ್ರೆಸರುಗಳಲ್ಲಿಯೂ ಹೆಚ್ಚುಕಡಿಮೆ ಇರುವಂಥದ್ದು.

ಹೀಗೆ ಹೊರಟ ಎಣ್ಣೆ ಕಂಡೆನ್ಸರ್, ವಾಲ್ವ್, ಟ್ಯಾಂಕಿನ ತಳ ಎಲ್ಲವನ್ನೂ ಸುತ್ತಿ ಸಕ್ಷನ್ ಲೈನಿನಲ್ಲಿ ಸಂಪಿಗೆ ಮರಳಬೇಕು. ಈ ಮರಳುವಿಕೆಯೇ 'ಆಯಿಲ್ ರಿಟರ್ನ್'. ಬೆಳಿಗ್ಗೆ ಮೇಯಲು ಬಿಟ್ಟ ದನ ಸಂಜೆ ಕೊಟ್ಟಿಗೆಗೆ ಬರುವ ಹಾಗೆ ಎಂದು ತಿಳಿಯಿರಿ. ಹೋದಷ್ಟು ಬಂದರೆ ಲೆಕ್ಕ ಸರಿ. ಹೋದದ್ದಕ್ಕಿಂತ ಕಡಿಮೆ ಬರುತ್ತಿದ್ದರೆ ಸಂಪ್ ದಿನದಿಂದ ದಿನಕ್ಕೆ ಬರಿದಾಗುತ್ತದೆ.

ಇಲ್ಲಿ 'ಮಿಸಿಬಲ್' ಎಂಬ ಪದ ತಿಳಿದಿರಬೇಕು. ಒಂದರಲ್ಲಿ ಒಂದು ಬೆರೆಯುವ ಗುಣ ಎಂದು ಅರ್ಥ. ಗ್ಯಾಸ್ ದ್ರವರೂಪದಲ್ಲಿರುವಾಗ ಎಣ್ಣೆ ಅದರಲ್ಲಿ ಬೆರೆತರೆ ಎರಡೂ ಸರಾಗವಾಗಿ ಒಟ್ಟಿಗೆ ಹರಿಯುತ್ತವೆ. ಟ್ಯಾಂಕಿನ ತಳದಲ್ಲಿ ದ್ರವ ಕುದಿದು ಗ್ಯಾಸಾದ ಮೇಲೆ ಎಣ್ಣೆ ಮಾತ್ರ ಹಿಂದೆ ಉಳಿಯುತ್ತದೆ. ಅದು ಆವಿಯಾಗುವುದಿಲ್ಲ, ತಣ್ಣಗೆ ಮಂದವಾಗಿರುತ್ತದೆ. ಅಲ್ಲಿಂದ ಮುಂದೆ ಅದನ್ನು ದೂಡಿಕೊಂಡು ಹೋಗುವ ಕೆಲಸ ಗ್ಯಾಸಿನ ವೇಗದ್ದು.

ಡೇರಿಗಳ ದೊಡ್ಡ ಅಮೋನಿಯಾ ಯಂತ್ರಗಳಲ್ಲಿ ಕ್ರಮ ಬೇರೆ. ಅಮೋನಿಯಾದಲ್ಲಿ ಖನಿಜ ಎಣ್ಣೆ ಬೆರೆಯುವುದಿಲ್ಲ. ಅದು ಅಮೋನಿಯಾ ದ್ರವಕ್ಕಿಂತ ಭಾರವಾದ್ದರಿಂದ ತಳಕ್ಕೆ ಇಳಿದು ನಿಲ್ಲುತ್ತದೆ. ಅದನ್ನು ತಳದಿಂದ ಎಚ್ಚರಿಕೆಯಿಂದ ತೆಗೆಯುವುದಕ್ಕೆ 'ಆಯಿಲ್ ಡ್ರೈನ್' ಎನ್ನುತ್ತಾರೆ. ಇದು ತರಬೇತಾದ ಸಿಬ್ಬಂದಿಯ ಕೆಲಸ. ಅಮೋನಿಯಾ ಬಳಸದ ನಮ್ಮ ಬಿ.ಎಂ.ಸಿ.ಗಳಿಗೆ ಇದು ಅನ್ವಯಿಸದು.

3. ದಾರಿಯ ಪದಗಳು: ವೆಲಾಸಿಟಿ, ಸ್ಲೋಪ್, ರೈಸರ್, ಟ್ರ್ಯಾಪ್

'ವೆಲಾಸಿಟಿ' ಎಂದರೆ ಪೈಪಿನೊಳಗೆ ಗ್ಯಾಸಿನ ವೇಗ. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಗಾಳಿ ಜೋರಾಗಿದ್ದರೆ ಹೊಟ್ಟು ದೂರ ಹೋಗುತ್ತದೆ, ಗಾಳಿ ಸೋತರೆ ಕಾಲ ಬುಡದಲ್ಲೇ ಬೀಳುತ್ತದೆ. ಎಣ್ಣೆಯೂ ಹಾಗೆಯೇ. ಅಂದಾಜಾಗಿ ಹೇಳುವುದಾದರೆ, ಮಲಗಿಸಿದ ಸಕ್ಷನ್ ಪೈಪಿನಲ್ಲಿ ಗ್ಯಾಸ್ ಸೆಕೆಂಡಿಗೆ ಸುಮಾರು 4 ಮೀಟರ್, ನಿಲ್ಲಿಸಿದ ಪೈಪಿನಲ್ಲಿ 7ರಿಂದ 8 ಮೀಟರ್ ವೇಗದಲ್ಲಿದ್ದರೆ ಎಣ್ಣೆ ನಿಲ್ಲದೆ ಬರುತ್ತದೆ ಎಂಬುದು ಪೈಪು ಜೋಡಿಸುವವರ ಲೆಕ್ಕ.

ಆದ್ದರಿಂದ 'ದಪ್ಪ ಪೈಪು ಹಾಕಿಸಿದರೆ ಒಳ್ಳೆಯದು' ಎಂಬ ನಂಬಿಕೆ ಇಲ್ಲಿ ಸಲ್ಲದು. ಪೈಪು ಅಗತ್ಯಕ್ಕಿಂತ ದಪ್ಪವಾದರೆ ಗ್ಯಾಸಿನ ವೇಗ ತಗ್ಗಿ ಎಣ್ಣೆ ದಾರಿಯಲ್ಲೇ ಕೂರುತ್ತದೆ. ತೀರ ಸಣ್ಣದಾದರೆ ಗ್ಯಾಸಿಗೆ ಅಡ್ಡಿಯಾಗಿ ತಂಪು ಕಡಿಮೆಯಾಗುತ್ತದೆ. ಯಂತ್ರದ ಕಂಪನಿ ಹೇಳಿದ ಅಳತೆಯೇ ಸರಿಯಾದ ಅಳತೆ.

'ಸ್ಲೋಪ್' ಅಥವಾ 'ಪಿಚ್' ಎಂದರೆ ಪೈಪಿನ ಇಳಿಜಾರು. ಮಲಗಿಸಿದ ಸಕ್ಷನ್ ಪೈಪು ಕಂಪ್ರೆಸರಿನ ಕಡೆಗೆ ಇಳಿದಿರಬೇಕು. 10 ಅಡಿಗೆ ಅರ್ಧ ಅಂಗುಲ ಇಳಿಜಾರು ಸಾಮಾನ್ಯವಾಗಿ ಸಾಕು. ಕ್ಲಾಂಪ್ ಸಡಿಲವಾಗಿ ಪೈಪು ನಡುವೆ ಜೋತು ಬಿದ್ದರೆ ಆ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಇದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಬೇಡ, ಕಣ್ಣು ಸಾಕು.

'ರೈಸರ್' ಎಂದರೆ ಕೆಳಗಿನಿಂದ ಮೇಲಕ್ಕೆ ಏರುವ ಪೈಪು. ಇದಕ್ಕೆ ಒಳ್ಳೆಯ ಉದಾಹರಣೆ ಇಂದಿರಾನಗರದಂಥ ಬಡಾವಣೆಯ ಕಟ್ಟಡಗಳು. ಅಂಗಡಿ ನೆಲ ಅಂತಸ್ತಿನಲ್ಲಿ, ಕಂಪ್ರೆಸರ್ ಇರುವ 'ಔಟ್‌ಡೋರ್ ಯೂನಿಟ್' ತಾರಸಿಯಲ್ಲಿ. ಅಂಗಡಿಯೊಳಗೆ ಬಂದ ಎಣ್ಣೆ ಮೂರು ನಾಲ್ಕು ಅಂತಸ್ತು ಏರಿ ಮನೆ ಸೇರಬೇಕು. ಏರುವ ಪೈಪಿನ ಬುಡದಲ್ಲಿ, ಎತ್ತರ ಹೆಚ್ಚಿದ್ದರೆ ನಡುವೆಯೂ, ಇಂಗ್ಲಿಷಿನ 'ಯು' ಅಕ್ಷರದಂತೆ ಪೈಪನ್ನು ಬಗ್ಗಿಸಿರುತ್ತಾರೆ. ಅದೇ 'ಆಯಿಲ್ ಟ್ರ್ಯಾಪ್'. ಟ್ರ್ಯಾಪ್ ಎಂದರೆ ಬೋನು. ಆದರೆ ಇದು ಎಣ್ಣೆಯನ್ನು ಹಿಡಿದಿಡಲು ಮಾಡಿದ್ದಲ್ಲ. ಆ ಬಾಗಿನಲ್ಲಿ ಸ್ವಲ್ಪ ಎಣ್ಣೆ ಸೇರಿದ ಕೂಡಲೇ ಗ್ಯಾಸಿನ ದಾರಿ ಕಿರಿದಾಗುತ್ತದೆ, ಅಲ್ಲಿ ವೇಗ ಹೆಚ್ಚುತ್ತದೆ, ಎಣ್ಣೆಯನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಎಷ್ಟು ಅಡಿಗೆ ಒಂದು ಟ್ರ್ಯಾಪ್ ಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಕಂಪನಿಯ ಪುಸ್ತಕ ನೋಡಿಯೇ ಹಾಕಬೇಕು.

ನಮಗೂ ಇದಕ್ಕೂ ಏನು ಸಂಬಂಧ? ಒಂದು ಸಂಘ, ಶಬ್ದ ಹೆಚ್ಚೆಂದೋ ಜಾಗ ಸಾಲದೆಂದೋ ಕಂಪ್ರೆಸರ್ ಯೂನಿಟ್ಟನ್ನು ಟ್ಯಾಂಕಿನ ಪಕ್ಕದಿಂದ ಎತ್ತಿ ಕಟ್ಟಡದ ತಾರಸಿಗೆ ಸಾಗಿಸಿತು ಎಂದುಕೊಳ್ಳೋಣ. ಪೈಪು ಉದ್ದವಾಯಿತು, ನೇರ ಮೇಲಕ್ಕೆ ಏರಿತು. ಟ್ರ್ಯಾಪ್ ಇಲ್ಲ, ಪೈಪಿನ ಅಳತೆ ಲೆಕ್ಕ ಹಾಕಿಲ್ಲ. ಮೊದಲ ವಾರ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸಂಪಿನಲ್ಲಿ ಮೊದಲಿದ್ದ ಎಣ್ಣೆಯ ಮೇಲೆ ಕಂಪ್ರೆಸರ್ ಓಡುತ್ತಿರುತ್ತದೆ ಅಷ್ಟೆ. ಆಮೇಲೆ ಬರಿದಾಗುತ್ತದೆ. ಯೂನಿಟ್ ಸ್ಥಳಾಂತರ ಮಾಡುವ ಮುನ್ನ ಒಕ್ಕೂಟದ ಎಂಜಿನಿಯರರ ಅಭಿಪ್ರಾಯ ಪಡೆಯಬೇಕು ಎನ್ನುವುದು ಇದಕ್ಕಾಗಿ.

ಒಂದೇ ಸಕ್ಷನ್ ಲೈನಿಗೆ ಎರಡು ಕಂಪ್ರೆಸರ್ ಜೋಡಿಸಿದ ಯಂತ್ರಗಳಲ್ಲಿ 'ಡಬಲ್ ರೈಸರ್' ಎಂಬ ಮಾತು ಬರುತ್ತದೆ. ಏರುವ ಕಡೆ ಸಣ್ಣದೊಂದು, ದಪ್ಪನೆಯದೊಂದು ಪೈಪು ಇರುತ್ತದೆ. ಒಂದೇ ಕಂಪ್ರೆಸರ್ ಓಡುವಾಗ ಗ್ಯಾಸ್ ಕಡಿಮೆ. ಆಗ ಬುಡದ ಬಾಗಿನಲ್ಲಿ ಎಣ್ಣೆ ತುಂಬಿ ದಪ್ಪ ಪೈಪಿನ ಬಾಯಿ ಮುಚ್ಚುತ್ತದೆ, ಗ್ಯಾಸೆಲ್ಲ ಸಣ್ಣ ಪೈಪಿನಲ್ಲಿ ವೇಗವಾಗಿ ಏರುತ್ತದೆ. ಎರಡೂ ಓಡುವಾಗ ಎರಡು ದಾರಿಗಳೂ ತೆರೆಯುತ್ತವೆ.

4. ದಾರಿಯಲ್ಲಿ ಉಳಿದ ಎಣ್ಣೆ: ಲಾಗಿಂಗ್

ಎವಾಪರೇಟರಿನಲ್ಲಿ ಅಥವಾ ಪೈಪಿನಲ್ಲಿ ಎಣ್ಣೆ ಸಿಕ್ಕಿಕೊಂಡು ಉಳಿಯುವುದೇ 'ಆಯಿಲ್ ಲಾಗಿಂಗ್'. ಇದರಿಂದ ಎರಡು ನಷ್ಟ. ಸಂಪಿನಲ್ಲಿ ಎಣ್ಣೆ ಇಲ್ಲದೆ ಕಂಪ್ರೆಸರ್ ಸವೆಯುತ್ತದೆ. ಎವಾಪರೇಟರಿನ ಒಳಮೈಗೆ ಎಣ್ಣೆಯ ಪದರ ಹಿಡಿದು ಹಾಲಿನ ಬಿಸಿ ಗ್ಯಾಸಿಗೆ ಸರಿಯಾಗಿ ಸೇರುವುದಿಲ್ಲ. ಹಾಲು 4 ಡಿಗ್ರಿಗೆ ಇಳಿಯಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ.

ಲಾಗಿಂಗಿಗೆ ಪೈಪಿನ ತಪ್ಪು ಒಂದೇ ಕಾರಣವಲ್ಲ. ಲೀಕಿನಿಂದ ಗ್ಯಾಸ್ ಕಡಿಮೆಯಾದರೂ ಎಣ್ಣೆಯನ್ನು ದೂಡುವ ಶಕ್ತಿ ಸಾಲದು. ಇದನ್ನು 'ಲೋ ಚಾರ್ಜ್' ಎನ್ನುತ್ತಾರೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗುವುದರಿಂದ ಜಾಯಿಂಟಿನ ಸುತ್ತ ಧೂಳು ಅಂಟಿದ ಜಿಡ್ಡಿನ ಕಲೆ ಕಾಣುತ್ತದೆ. ಅಂಥ ಕಲೆ ಕಂಡರೆ ಒರೆಸಿಹಾಕದೆ ಮೆಕ್ಯಾನಿಕ್‌ಗೆ ತೋರಿಸಿ.

ಈಗ 'ಟಾಪ್ ಅಪ್' ಪದಕ್ಕೆ ಬರೋಣ. ಕಡಿಮೆಯಾದ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆ ಸುರಿಯುವುದು ಎಂದು ಅರ್ಥ. ಸಂಜೆ ಕೊಟ್ಟಿಗೆಗೆ ಒಂದು ಹಸು ಬರಲಿಲ್ಲವೆಂದರೆ ನಾವು ಇನ್ನೊಂದು ಹಸು ಕೊಂಡು ತಂದು ಕಟ್ಟುವುದಿಲ್ಲ, ಹುಡುಕಿಕೊಂಡು ಹೋಗುತ್ತೇವೆ. ಮುಚ್ಚಿದ ಯಂತ್ರದಲ್ಲಿ ಎಣ್ಣೆ ಖರ್ಚಾಗಿ ಮುಗಿಯುವ ವಸ್ತುವಲ್ಲ. ಹೊರಗೆ ಸೋರಿರಬೇಕು, ಇಲ್ಲವೇ ಒಳಗೇ ಎಲ್ಲೋ ನಿಂತಿರಬೇಕು. ಒಳಗೆ ನಿಂತಿರುವಾಗ ಮೇಲಿನಿಂದ ಸುರಿಯುತ್ತಾ ಹೋದರೆ, ನಿಂತ ಎಣ್ಣೆ ಒಂದು ದಿನ ಒಟ್ಟಾಗಿ ನುಗ್ಗಿ ಬಂದು ಕಂಪ್ರೆಸರಿನ ವಾಲ್ವುಗಳನ್ನು ಮುರಿಯಬಹುದು. ಇದು 'ಆಯಿಲ್ ಸ್ಲಗ್ಗಿಂಗ್'. ಗ್ಯಾಸನ್ನು ಒತ್ತಲು ಮಾಡಿದ ಯಂತ್ರ ದ್ರವವನ್ನು ಒತ್ತಲಾರದು.

5. ಎಣ್ಣೆಯಲ್ಲಿ ಗ್ಯಾಸ್ ಸೇರಿದಾಗ: ಫೋಮಿಂಗ್

ಎಣ್ಣೆ ಗ್ಯಾಸಿನ ಕಡೆ ಹೋಗುವಂತೆ, ಯಂತ್ರ ನಿಂತಿರುವಾಗ ಗ್ಯಾಸ್ ಎಣ್ಣೆಯ ಕಡೆ ಬರುತ್ತದೆ. ಇದಕ್ಕೆ 'ಮೈಗ್ರೇಷನ್' ಎಂದು ಹೆಸರು. ತಣ್ಣಗಿರುವ ಸಂಪಿನ ಎಣ್ಣೆಯಲ್ಲಿ ಗ್ಯಾಸ್ ಕರಗಿ ಕೂರುತ್ತದೆ. ಆ ಸ್ಥಿತಿಯಲ್ಲಿ ಕಂಪ್ರೆಸರನ್ನು ಶುರು ಮಾಡಿದರೆ ಅದು 'ಫ್ಲಡೆಡ್ ಸ್ಟಾರ್ಟ್'. ಒತ್ತಡ ಒಮ್ಮೆಲೇ ಇಳಿದು, ಸೋಡಾ ಬಾಟಲಿ ತೆರೆದಾಗ ಉಕ್ಕುವ ಹಾಗೆ ಎಣ್ಣೆ ನೊರೆಯಾಗುತ್ತದೆ. ಇದು 'ಫೋಮಿಂಗ್'. ನೊರೆಗೆ ಲೋಹದ ಸವೆತ ತಡೆಯುವ ಗುಣವಿಲ್ಲ. ಮೇಲಾಗಿ ಆ ನೊರೆಯೊಂದಿಗೆ ಬಹಳಷ್ಟು ಎಣ್ಣೆ ಒಟ್ಟಿಗೇ ಹೊರಟುಹೋಗುತ್ತದೆ.

ಇದನ್ನು ತಡೆಯಲು ಸಂಪನ್ನು ಬೆಚ್ಚಗಿಡುವ ಪಟ್ಟಿಯೇ 'ಕ್ರ್ಯಾಂಕ್‌ಕೇಸ್ ಹೀಟರ್'. ಕಂಪ್ರೆಸರ್ ನಿಂತಿರುವಾಗಲೇ ಅದಕ್ಕೆ ಕರೆಂಟ್ ಬೇಕು. 'ಯಂತ್ರ ಓಡುತ್ತಿಲ್ಲವಲ್ಲ, ಯೂನಿಟ್ ಉಳಿಯಲಿ' ಎಂದು ಮೇನ್ ಸ್ವಿಚ್ ತೆಗೆಯುವ ಅಭ್ಯಾಸ ಕೆಲವೆಡೆ ಇದೆ. ಅದರಿಂದ ಹೀಟರ್ ತಣ್ಣಗಾಗುತ್ತದೆ. ಒಂದೆರಡು ಗಂಟೆ ಕರೆಂಟ್ ಹೋದರೆ ಭಯವಿಲ್ಲ, ಕಂಪ್ರೆಸರ್ ಇನ್ನೂ ಬೆಚ್ಚಗಿರುತ್ತದೆ. ಜನರೇಟರ್ ಹಾಕಿ ಹಾಲು ಉಳಿಸಿಕೊಳ್ಳಿ. ಆದರೆ ರಿಪೇರಿಗೆಂದು ದಿನಗಟ್ಟಲೆ ನಿಂತ ಯಂತ್ರವನ್ನು, ಕಂಪನಿ ಹೇಳಿದಷ್ಟು ಗಂಟೆ ಹೀಟರ್ ಉರಿಸಿ ಆಮೇಲೆ ಶುರು ಮಾಡಬೇಕು.

'ಶಾರ್ಟ್ ಸೈಕ್ಲಿಂಗ್' ಎಂದರೆ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗುವುದು. ಪ್ರತಿ ಸಾರಿ ಶುರುವಾದಾಗ ಒಂದಿಷ್ಟು ಎಣ್ಣೆ ಹೊರಡುತ್ತದೆ. ಅದು ಮರಳುವಷ್ಟರಲ್ಲಿ ಯಂತ್ರ ನಿಂತಿರುತ್ತದೆ. ವೋಲ್ಟೇಜ್ ಏರಿಳಿತದಲ್ಲಿ ಇದು ಹೆಚ್ಚು. ನಿಂತ ಮೇಲೆ ಕೆಲವು ನಿಮಿಷ ತಡೆದು ಶುರು ಮಾಡುವ 'ಟೈಮ್ ಡಿಲೇ' ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ.

6. ಜೊತೆಗಿರುವ ಸಲಕರಣೆಗಳು

'ಆಯಿಲ್ ಸೆಪರೇಟರ್' ಡಿಸ್ಚಾರ್ಜ್ ಲೈನಿನಲ್ಲಿರುವ ಚಿಕ್ಕ ಡಬ್ಬಿ. ಗ್ಯಾಸಿನೊಂದಿಗೆ ಹೊರಟ ಎಣ್ಣೆಯ ಬಹುಭಾಗವನ್ನು ಹೊಸ್ತಿಲಲ್ಲೇ ತಡೆದು ವಾಪಸ್ ಕಳಿಸುತ್ತದೆ. ಪೂರ್ತಿ ತಡೆಯಲಾರದು. ಆದ್ದರಿಂದ ಸೆಪರೇಟರ್ ಇದ್ದರೂ ಪೈಪು ಸರಿಯಿರಲೇಬೇಕು.

'ಸೈಟ್ ಗ್ಲಾಸ್' ಎಂದರೆ ಒಳಗೆ ನೋಡುವ ಗಾಜಿನ ಕಣ್ಣು. ಇವು ಎರಡು ಬಗೆ, ಒಂದಕ್ಕೊಂದು ಕಲೆಸಬೇಡಿ. ಕಂಪ್ರೆಸರಿನ ಮೈಮೇಲಿರುವುದು ಎಣ್ಣೆಯ ಮಟ್ಟ ತೋರಿಸುತ್ತದೆ. ಯಂತ್ರ ಸ್ವಲ್ಪ ಹೊತ್ತು ಓಡಿದ ಮೇಲೆ ಮಟ್ಟ ಸುಮಾರು ಅರ್ಧ ಗಾಜಿಗೆ ಇರುವುದು ಸಾಮಾನ್ಯ. ಲಿಕ್ವಿಡ್ ಲೈನಿನಲ್ಲಿರುವುದು ಗ್ಯಾಸಿನ ಸ್ಥಿತಿ ತೋರಿಸುತ್ತದೆ. ಅಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ ಗ್ಯಾಸ್ ಕಡಿಮೆ ಇರಬಹುದು. ಪೂರ್ತಿ ಸೀಲ್ ಮಾಡಿದ ಚಿಕ್ಕ ಕಂಪ್ರೆಸರುಗಳಲ್ಲಿ ಅನೇಕಕ್ಕೆ ಎಣ್ಣೆಯ ಗಾಜು ಇರುವುದಿಲ್ಲ.

7. ಎಣ್ಣೆಗೂ ಜಾತಿಯುಂಟು

ಆರ್-22 ಗ್ಯಾಸಿನ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 'ಮಿನರಲ್ ಆಯಿಲ್', ಅಂದರೆ ಖನಿಜ ಎಣ್ಣೆ. ಆರ್-134ಎ, ಆರ್-404ಎ ಮುಂತಾದ ಗ್ಯಾಸುಗಳಲ್ಲಿ ಖನಿಜ ಎಣ್ಣೆ ಬೆರೆಯದ ಕಾರಣ 'ಪಿ.ಓ.ಇ. ಆಯಿಲ್' ಬೇಕು. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರ್-22 ಹಂತ ಹಂತವಾಗಿ ಹೋಗುತ್ತಿದೆ. ಆದ್ದರಿಂದ ಗ್ಯಾಸ್ ಬದಲಿಸುವ ಮಾತು ಸಂಘಗಳಲ್ಲಿ ಬಂದೇ ಬರುತ್ತದೆ. ಆಗ 'ಎಣ್ಣೆಯನ್ನೂ ಬದಲಿಸುತ್ತೀರಾ, ಯಾವ ಎಣ್ಣೆ?' ಎಂದು ಕೇಳಬೇಕು. ಗ್ಯಾಸಿಗೆ ಒಗ್ಗದ ಎಣ್ಣೆ ಹೋದ ದಾರಿಯಲ್ಲಿ ಬರುವುದಿಲ್ಲ. ಪಿ.ಓ.ಇ. ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಮುಚ್ಚಳ ತೆರೆದಿಟ್ಟ, ಅರ್ಧ ಉಳಿದ ಹಳೆಯ ಡಬ್ಬಿಯ ಎಣ್ಣೆಯನ್ನು ಹಾಕಲು ಬಿಡಬೇಡಿ.

ಈ ಎಣ್ಣೆ ಹಾಲಿಗೆ ಸೇರುವುದೇ ಎಂಬ ಸಂಶಯ ಸಹಜ. ಸುಸ್ಥಿತಿಯ ಟ್ಯಾಂಕಿನಲ್ಲಿ ಎರಡರ ನಡುವೆ ಸ್ಟೀಲಿನ ಗೋಡೆ ಇರುತ್ತದೆ. ಆದರೆ ಟ್ಯಾಂಕಿನ ಮೇಲೆ ಹಾಲು ಕಲಕುವ ಮೋಟಾರಿನ ಗೇರ್ ಬಾಕ್ಸಿನ ಎಣ್ಣೆ ಬೇರೆ. ಅದು ಸೋರಿದರೆ ಹಾಲಿಗೆ ಬೀಳಬಹುದು. ಚೀಟಿಯಲ್ಲಿ 'ಆಯಿಲ್ ಲೀಕ್' ಎಂದಿದ್ದರೆ ಎಲ್ಲಿಯ ಎಣ್ಣೆ ಎಂದು ಕೂಡಲೇ ಕೇಳಿ.

8. ಚೀಟಿ ಓದುವ ಅಭ್ಯಾಸ

ಮಾದರಿಗೆ ಮೂರು ಸಾಲು ನೋಡೋಣ.

'ಆಯಿಲ್ ಲೆವೆಲ್ ಲೋ, ಟಾಪ್ ಅಪ್ ಡನ್.' ಎಣ್ಣೆ ಕಡಿಮೆಯಿತ್ತು, ಸುರಿದಿದೆ. ಕೇಳಬೇಕಾದ್ದು: ಹಳೆಯ ಎಣ್ಣೆ ಎಲ್ಲಿಗೆ ಹೋಯಿತು? ಎಷ್ಟು ಸುರಿದಿರಿ, ಯಾವುದು?

'ಕಂಪ್ರೆಸರ್ ಸೀಜ್ಡ್, ರಿಪ್ಲೇಸ್.' ಎಣ್ಣೆಯಿಲ್ಲದೆಯೋ ಬೇರೆ ಕಾರಣಕ್ಕೋ ಕಂಪ್ರೆಸರ್ ಕಚ್ಚಿಕೊಂಡಿದೆ, ಹೊಸದು ಬೇಕು. ಕೇಳಬೇಕಾದ್ದು: ಕಚ್ಚಿಕೊಳ್ಳಲು ಕಾರಣವೇನು? ಆ ಕಾರಣ ಹೊಸದನ್ನೂ ಕೊಲ್ಲದಂತೆ ಏನು ಮಾಡಿದ್ದೀರಿ?

'ಬರ್ನ್ ಔಟ್, ಫ್ಲಶಿಂಗ್ ಅಂಡ್ ಡ್ರೈಯರ್ ಚೇಂಜ್.' ಮೋಟಾರ್ ಸುಟ್ಟಿದೆ. ಸುಟ್ಟಾಗ ಎಣ್ಣೆಯಲ್ಲಿ ಆಮ್ಲ ಹುಟ್ಟುತ್ತದೆ. ಪೈಪು ತೊಳೆದು, ಡ್ರೈಯರ್ ಎಂಬ ಶೋಧಕವನ್ನು ಬದಲಿಸಬೇಕು. ಈ ಸಾಲು ಚೀಟಿಯಲ್ಲಿ ಇರಬೇಕಾದದ್ದೇ. ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ.

9. ಸಂಘದಲ್ಲಿ ಪಾಲಿಸಬೇಕಾದ ಅಂಶಗಳು

ಅ) ಒಂದು ನೋಟ್ ಪುಸ್ತಕ ಇಡಿ. ಹಾಲು 4 ಡಿಗ್ರಿಗೆ ಇಳಿಯಲು ಹಿಡಿದ ಹೊತ್ತು ಹಾಗೂ ಗಾಜು ಇದ್ದರೆ ಎಣ್ಣೆಯ ಮಟ್ಟವನ್ನು ವಾರಕ್ಕೊಮ್ಮೆಯಾದರೂ ಬರೆಯಿರಿ. ಅಷ್ಟೇ ಹಾಲಿಗೆ ಹೊತ್ತು ಹೆಚ್ಚುತ್ತಾ ಹೋದರೆ ಮೆಕ್ಯಾನಿಕ್ ಕರೆಯುವ ಕಾಲ ಬಂದಿದೆ.

ಆ) ಎಣ್ಣೆ ಸುರಿದ ದಿನ, ಪ್ರಮಾಣ, ಹೆಸರು ಬರೆಸಿಕೊಳ್ಳಿ. ಎರಡನೆಯ ಸಾರಿ ಸುರಿಯಬೇಕಾಗಿ ಬಂದರೆ ಕಾರಣ ತಿಳಿಯದೆ ಸುರಿಸಬೇಡಿ.

ಇ) ಜೋತು ಬಿದ್ದ ಪೈಪು, ಜಿಡ್ಡಿನ ಕಲೆ, ಹರಿದ ರಬ್ಬರ್ ಹೊದಿಕೆ, ಧೂಳು ತುಂಬಿದ ಕಂಡೆನ್ಸರ್ ಇವನ್ನು ಕಣ್ಣಿಂದ ನೋಡಿ. ಪೈಪಿನ ಜಾಯಿಂಟ್, ವಾಲ್ವ್, ಎಣ್ಣೆಯ ಮುಚ್ಚಳ ಇವನ್ನು ನೀವೇ ಬಿಚ್ಚಬೇಡಿ. ಒಳಗೆ ಒತ್ತಡವಿರುತ್ತದೆ.

ಈ) ಹೀಟರಿಗೆ ಕರೆಂಟ್ ತಪ್ಪದಂತೆ ನೋಡಿಕೊಳ್ಳಿ.

ಉ) ಯೂನಿಟ್ ಜಾಗ ಬದಲಿಸುವಾಗ, ಗ್ಯಾಸ್ ಬದಲಿಸುವಾಗ ಒಕ್ಕೂಟದ ತಾಂತ್ರಿಕ ವಿಭಾಗದ ಸಲಹೆ ಪಡೆಯಿರಿ.

ಪದಗಳು ಇಂಗ್ಲಿಷಿನವಾದರೂ ವಿಷಯ ನಮಗೆ ಹೊಸದಲ್ಲ. ಎಷ್ಟು ಹಾಲು ಬಂತು, ಎಷ್ಟು ಹೋಯಿತು, ವ್ಯತ್ಯಾಸ ಎಷ್ಟು ಎಂದು ದಿನಕ್ಕೆರಡು ಹೊತ್ತು ಲೆಕ್ಕ ಬರೆಯುವವರು ನಾವು. ಯಂತ್ರದ ಎಣ್ಣೆಗೂ ಅದೇ ಲೆಕ್ಕ. ಮುಂದಿನ ಸಾರಿ ಮೆಕ್ಯಾನಿಕ್ 'ಆಯಿಲ್ ಶಾರ್ಟ್' ಎಂದಾಗ, ಸಹಿ ಹಾಕುವ ಮೊದಲು, 'ಎಲ್ಲಿ ನಿಂತಿದೆ ಸ್ವಾಮಿ, ತೋರಿಸಿ' ಎಂದು ಕೇಳಿ. ತಿಳಿದ ಮೆಕ್ಯಾನಿಕ್ ಆ ಪ್ರಶ್ನೆಗೆ ಬೇಸರಪಡುವುದಿಲ್ಲ.